ಎಲೆ ಮುಟ್ಟದ ಯಜಮಾನ

೧೯೭೬ನೆಯ ಇಸವಿ, ನನಗಾಗ ಇಪ್ಪತ್ತೆಂಟು ವರ್ಷ. ಜಗಳೂರು ತಾಲ್ಲೂಕಿನಲ್ಲಿ, ಬಿಳಿಚೋಡಿನಿಂದ ಎರಡು ಮೈಲಿ ಒಳಕ್ಕೆ ಇದ್ದ ಕುರಿಗಾರರ ಹಟ್ಟಿಯೊಂದರ ಏಕೋಪಾಧ್ಯಾಯ ಶಾಲೆಗೆ ನನ್ನನ್ನು ನೇಮಿಸಿದ್ದರು. ಶಾಲೆಯೆಂದರೆ ಒಂದು ಕೋಣೆ, ಒಂದು ಕಪ್ಪುಹಲಗೆ, ಬಾಗಿಲಿಗೆ ಒಂದೇ ರೆಕ್ಕೆ. ನಾನು ಇಲ್ಲಿ ಚಿತ್ರಿಸಹೊರಟಿರುವ ವ್ಯಕ್ತಿ ಆ ಹಟ್ಟಿಯ ಯಜಮಾನ. ಆತನ ಹೆಸರನ್ನು ಬರೆಯುವುದಿಲ್ಲ. ಒಮ್ಮೆ ಬರೆದಿದ್ದೇನೆ: ಸರ್ಕಾರಿ ಕಾಗದದ ಮೇಲೆ, ದುಂಡಾದ ಅಕ್ಷರಗಳಲ್ಲಿ, ಹೆಬ್ಬೆಟ್ಟಿನ ಗುರುತಿಗೆ ಪಕ್ಕದಲ್ಲಿ ಜಾಗ ಬಿಟ್ಟು. ಅಷ್ಟು ಸಾಕು.

ಕಳೆದ ತಿಂಗಳು ಚನ್ನಗಿರಿಯ ಬಸ್ ನಿಲ್ದಾಣದಲ್ಲಿ ಆತನ ತಮ್ಮನ ಮಗ ಸಿಕ್ಕಿದ. ಲಾರಿಯೊಂದರಲ್ಲಿ ಕ್ಲೀನರ್ ಆಗಿದ್ದಾನೆ. "ದೊಡ್ಡಪ್ಪ ಹೋಗಿಬಿಟ್ರು ಮೇಷ್ಟ್ರೇ. ದೀಪಾವಳಿ ಆದ ಮ್ಯಾಲೆ" ಎಂದ. ಮಣ್ಣು ಎಲ್ಲಿ ಮಾಡಿದಿರಿ ಎಂದು ಕೇಳಿದೆ. "ಇನ್ನೆಲ್ಲಿ, ರಸ್ತೆ ಬದೀಗೆ. ನಮ್ಮ ಜಾಗ ಅನ್ನಾಕೆ ಅದೊಂದೇ ಉಳಿದೈತೆ" ಎಂದು ಹೇಳಿ, ನನ್ನ ಕೈಯಲ್ಲಿದ್ದ ಚೀಲವನ್ನು ತಾನೇ ತೆಗೆದುಕೊಂಡು ಬಸ್ಸಿನೊಳಗೆ ಇಟ್ಟುಕೊಟ್ಟ. ಆ ಮರ್ಯಾದೆಯೇ ನನ್ನಿಂದ ಇದನ್ನು ಬರೆಸುತ್ತಿದೆ.

ಯಜಮಾನನಿಗೆ ನಾನು ಹೋದಾಗ ಐವತ್ತರ ಆಸುಪಾಸು. ನೀಳವಾದ ಆಳು, ಒಂಟಿ ಕಾಲಿನ ಮೇಲೆ ನಿಂತು, ಇನ್ನೊಂದು ಪಾದವನ್ನು ಮೊಣಕಾಲಿಗೆ ಆನಿಸಿ, ಕೋಲಿಗೆ ಒರಗಿ, ಒಂದು ತಾಸು ಹಾಗೆಯೇ ಇರಬಲ್ಲವನಾಗಿದ್ದ. ಕೈಯಲ್ಲಿ ಸದಾ ಕದರು, ಎಂದರೆ ಉಣ್ಣೆ ನೂಲುವ ಕಡ್ಡಿ. ನಡೆಯುವಾಗ, ಮಾತನಾಡುವಾಗ, ಅಳುವ ಮಗುವನ್ನು ಸಮಾಧಾನ ಮಾಡುವಾಗ ಕೂಡ ಅದು ತೊಡೆಯ ಬದಿಯಲ್ಲಿ ತಿರುಗುತ್ತಲೇ ಇರುತ್ತಿತ್ತು. ಅದು ನಿಂತಿತೆಂದರೆ ಆತ ಸಿಟ್ಟಾಗಿದ್ದಾನೆಂದು ಹಟ್ಟಿಯವರು ತಿಳಿಯುತ್ತಿದ್ದರು. ದನಿ ಏರಿಸಿದ್ದನ್ನು ನಾನು ಏಳು ವರ್ಷಗಳಲ್ಲಿ ಕೇಳಲಿಲ್ಲ.

ಹೊಸದರಲ್ಲಿ ನಾನು, ಲೆಕ್ಕ ಕಲಿಸುವವನ ಗತ್ತಿನಿಂದ, ಆತನಿಗೆ ಎಷ್ಟು ಕುರಿಗಳಿವೆಯೆಂದು ಕೇಳಿದ್ದೆ.

"ಎಲ್ಲಾವೂ ಅದಾವೆ" ಎಂದ.

"ಎಲ್ಲವೂ ಎಂದರೆ ಎಷ್ಟು, ಯಜಮಾನ್ರೇ?"

"ಮೇಷ್ಟ್ರೇ, ನಿಮ್ ಮನೇಗೆ ಹೋದಾಗ ಹೆಂಡ್ತಿ ಮಕ್ಳನ್ನ ಒಂದು ಎರಡು ಅಂತ ಎಣಿಸ್ತೀರಾ? ಮುಖ ನೋಡಿದ್ರೆ ಗೊತ್ತಾಗಂಗಿಲ್ಲೇನು?"

ಸಂಜೆ ಮಂದೆ ದೊಡ್ಡಿಗೆ ಬರುವಾಗ ಆತ ಬಾಗಿಲಲ್ಲಿ ನಿಂತು ಮುಖಗಳನ್ನು ನೋಡುತ್ತಿದ್ದ. "ಬಿಳಿಗಿವಿದು ಬಂದಿಲ್ಲ" ಎಂದು ಒಮ್ಮೆ ಹೇಳಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋದ. ಆ ಕುರಿ ಕಾರೆ ಮುಳ್ಳಿನ ಮೆಳೆಯಲ್ಲಿ ಸಿಕ್ಕಿಕೊಂಡಿತ್ತು.

ಆ ಹಟ್ಟಿಯವರ ವರ್ಷವನ್ನು ಓದುಗರು ಅರಿಯುವುದು ಅವಶ್ಯ. ಸಂಕ್ರಾಂತಿ ಕಳೆಯುತ್ತಲೇ ಗಂಡಸರೂ ಗಟ್ಟಿಮುಟ್ಟಾದ ಹೆಂಗಸರೂ ಕುರಿಗಳನ್ನು ಹೊಡೆದುಕೊಂಡು ಪಡುವಣಕ್ಕೆ, ನೀರಾವರಿಯ ಸೀಮೆಗೆ ಹೊರಡುತ್ತಿದ್ದರು: ಹೊನ್ನಾಳಿ, ನ್ಯಾಮತಿ, ಚನ್ನಗಿರಿ. ಅಲ್ಲಿಯ ರೈತರು ತಮ್ಮ ಬೀಳುಗದ್ದೆಗಳಲ್ಲಿ, ತೋಟಗಳಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಹಟ್ಟಿಯಲ್ಲಿ ಉಳಿಯುತ್ತಿದ್ದವರು ಮುದುಕಿಯರು, ಬಾಣಂತಿಯರು, ನಾನು ಮತ್ತು ನನ್ನ ಹಾಜರಿ ಪುಸ್ತಕ. ಮುಂಗಾರಿನ ಮೊದಲ ಮಳೆಗೆ ಎಲ್ಲರೂ ಹಿಂದಿರುಗುತ್ತಿದ್ದರು. ಆಮೇಲಿನ ಏಳು ತಿಂಗಳು ಕುರಿಗಳಿಗೆ ಆಧಾರವೆಂದರೆ ಹಟ್ಟಿಯ ಬೆನ್ನಿಗಿದ್ದ ಕಾವಲು, ಎಂದರೆ ತಲೆತಲಾಂತರದಿಂದ ಅವರು ಮೇಯಿಸಿಕೊಂಡು ಬಂದ ಹುಲ್ಲುಗಾವಲು. ದಾಖಲೆಯಲ್ಲಿ ಅದು ಸರ್ಕಾರದ್ದು. ಕಾವಲು ಇದ್ದರೆ ಕುರಿ, ಕುರಿ ಇದ್ದರೆ ಹಟ್ಟಿ. ಇದರಲ್ಲಿ ಬಿಡಿಸಿ ಹೇಳಬೇಕಾದ ಮೂರನೆಯ ಸಂಗತಿ ಇಲ್ಲ.

ರಸ್ತೆಯಿಂದ ನೋಡಿದವರಿಗೆ ಆ ಕಾವಲಿನಲ್ಲಿ ಕಲ್ಲು, ಜಾಲಿ, ಕುರುಚಲು ಕಾಣುತ್ತಿದ್ದವು. ನನಗೂ ಮೊದಲ ವರ್ಷ ಅಷ್ಟೇ ಕಂಡಿತ್ತು. ಯಜಮಾನ ಒಂದು ಭಾನುವಾರ ನನ್ನನ್ನು ಕರೆದುಕೊಂಡು ಹೋಗಿ ಸುತ್ತಿಸಿದ. ಕರಡ ಎಲ್ಲಿ ಬಲಿಯುತ್ತದೆ, ಗರಿಕೆ ಎಲ್ಲಿ ಮೊದಲು ಚಿಗುರುತ್ತದೆ, ಬಾಣಂತಿ ಕುರಿಗೆ ಯಾವ ತಗ್ಗಿನ ಹುಲ್ಲು, ಜಾಲಿಯ ಕಾಯಿ ಉದುರುವ ಹದಿನೈದು ದಿನ ಮಂದೆಯನ್ನು ಎಲ್ಲಿ ಬಿಡಬೇಕು, ಎಲ್ಲವನ್ನೂ ತೋರಿಸಿದ. ಇಷ್ಟೊಂದು ಹುಲ್ಲಿನ ಹೆಸರುಗಳನ್ನು ಕಲಿಸಿದವರು ಯಾರೆಂದು ಕೇಳಿದೆ.

"ಕುರಿ" ಎಂದ. "ನಾವು ಹಿಂದೆ ಹಿಂದೆ ಹೋದ್ವಿ, ಅಷ್ಟೇ."

ಕಾವಲಿಗೆ ಕಟ್ಟಳೆಯಿತ್ತು. ಮಳೆ ಬಿದ್ದ ದಿನದಿಂದ ಮಹಾನವಮಿಯವರೆಗೆ ಅದರ ಅರ್ಧ ಭಾಗಕ್ಕೆ ಯಾರೂ ಕುರಿ ಬಿಡುವಂತಿಲ್ಲ; ಹುಲ್ಲು ಬೀಜ ಕಟ್ಟಬೇಕು. ಗಡಿಯ ಕಲ್ಲುಗಳಿಗೆ ಸುಣ್ಣ ಬಳಿದಿದ್ದರೆ ಮುಚ್ಚಿದೆಯೆಂದು ಅರ್ಥ. ಒಂದು ವರ್ಷ ಯಜಮಾನನ ಸ್ವಂತ ಭಾವಮೈದುನ, ಪೇಟೆಯ ವ್ಯವಹಾರ ಬಲ್ಲವನು, ಬೆಳಗಿನ ಮಂಜಿನಲ್ಲಿ ನಾಲ್ಕು ಆಡುಗಳನ್ನು ಒಳಗೆ ಬಿಟ್ಟ. ಕದರು ನಿಂತಿತು. ಭಾವಮೈದುನ ದೊಡ್ಡಿಯ ಗೋಡೆಗೆ ಹೆಗಲ ಮೇಲೆ ಕಲ್ಲು ಹೊರಬೇಕೆಂದು ತೀರ್ಮಾನವಾಯಿತು. ಹೊತ್ತ. ಮೂರನೆಯ ದಿನ ಅಕ್ಕ, ಯಜಮಾನನ ಹೆಂಡತಿ, ಗಂಡನ ಮುಂದೆ ನಿಂತು, "ನನ್ ತಮ್ಮನ ಬೆನ್ನು ಮುರೀತೈತೆ, ನಿಮಗೇನು ಕಣ್ಣು ಕಾಣಂಗಿಲ್ಲೇನು?" ಎಂದಳು. "ಕಾಣ್ತೈತೆ. ಹುಲ್ಲಿನ ಬೆನ್ನೂ ಕಾಣ್ತೈತೆ" ಎಂದು ಆತ ಮತ್ತೆ ನೂಲತೊಡಗಿದ. ನಾನು ಅರಣ್ಯ, ಕಂದಾಯ, ಶಿಕ್ಷಣ, ಮೂರು ಇಲಾಖೆಗಳ ಸುತ್ತೋಲೆಗಳನ್ನು ಓದಿದವನು. ಆ ಹಟ್ಟಿಯಲ್ಲಿ ನಡೆದಷ್ಟು ಚೊಕ್ಕವಾಗಿ ನಿಯಮವೊಂದು ನಡೆದದ್ದನ್ನು ಬೇರೆಲ್ಲೂ ನೋಡಲಿಲ್ಲ.

ಇನ್ನೊಂದು ರೂಢಿಯನ್ನು ಹೇಳಲೇಬೇಕು. ಹಟ್ಟಿಗೆ ಒಮ್ಮೆ ಪಕ್ಕದ ಊರಿನಿಂದ ಹೆಣ್ಣು ಕೇಳಲು ಬಂದಿದ್ದರು. ಗುಡಿಯ ಮುಂದೆ ಕಂಬಳಿ ಹಾಸಿ ಕೂರಿಸಿ, ಮಾತೆಲ್ಲ ಮುಗಿದ ಮೇಲೆ, ಎಲೆ ಅಡಿಕೆಯ ತಟ್ಟೆಯನ್ನು ಹಿರಿಯರ ನಡುವೆ ಸುತ್ತಿಸಿದರು. ಯಾರೂ ಎಲೆ ಎತ್ತಿಕೊಳ್ಳಲಿಲ್ಲ. ತಟ್ಟೆ ಕೈಯಿಂದ ಕೈಗೆ ದಾಟಿ ಹಾಗೆಯೇ ಹಿಂದಿರುಗಿತು. ಬಂದವರು ಎದ್ದು ಕೈಮುಗಿದು, ಮಜ್ಜಿಗೆ ಕುಡಿದು, ನಗುನಗುತ್ತಲೇ ಹೊರಟುಹೋದರು. ನನಗೆ ತಲೆಬುಡ ತಿಳಿಯಲಿಲ್ಲ. ಯಜಮಾನ ಬಿಡಿಸಿ ಹೇಳಿದ: ಎಲೆ ತೆಗೆದುಕೊಂಡು ಅದರ ತುದಿ ಚಿವುಟಿದರೆ ಒಪ್ಪಿಗೆ; ಮುಟ್ಟದೆ ದಾಟಿಸಿದರೆ ಒಪ್ಪಿಗೆಯಿಲ್ಲ. ಬಾಗಿಲಿಗೆ ಬಂದವರ ಮುಖಕ್ಕೆ ಇಲ್ಲವೆಂದು ಹೇಳುವುದು ಹೀನಾಯ.

"ಬಾಯಾಗಿಂದ 'ಇಲ್ಲ' ಬಂದ್ರೆ ಅದು ತಿರುಗಿ ಒಳಗೆ ಹೋಗಂಗಿಲ್ಲ ಮೇಷ್ಟ್ರೇ. ಎಲೆ ಆದ್ರೆ ಅಲ್ಲೇ ಇರ್ತೈತೆ. ಮನಸ್ಸು ತಿರುಗಿದ್ರೆ ನಾಳೆ ತಗಬೋದು."

ಅದನ್ನು ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ದಿನಾಂಕಸಹಿತ ಬರೆದುಕೊಂಡೆ. ಆದುದರಿಂದ ಗೊತ್ತಿರಲಿಲ್ಲವೆಂಬ ಮಾತು ನನಗೆ ದಕ್ಕುವುದಿಲ್ಲ.

೧೯೮೩ರ ಸಂಕ್ರಾಂತಿಗೆ ಎರಡು ದಿನ ಮೊದಲು ಹಟ್ಟಿಗೆ ಒಂದು ಜೀಪು ಬಂತು. ಇಳಿದವನು ಅರಣ್ಯದ ಕಡೆಯ ಒಬ್ಬ ತರುಣ ಅಧಿಕಾರಿ. ಕೆಟ್ಟವನಲ್ಲ, ಹೇಳುವುದನ್ನು ತಾನೂ ನಂಬಿದ್ದವನು. ಕಾವಲಿನಲ್ಲಿ ನೀಲಗಿರಿ ನೆಡುವ ಯೋಜನೆಯಾಗಿತ್ತು; ಮರವನ್ನು ದೂರದ ಕಾಗದದ ಕಾರ್ಖಾನೆಯೊಂದು ಕೊಳ್ಳುವುದಿತ್ತು. ಊರವರ ಸಭೆ ಕರೆದು ಅಭಿಪ್ರಾಯ ಪಡೆಯಬೇಕೆಂಬ ನಿಯಮವಿತ್ತು. ಆ ನಿಯಮವನ್ನು ಆತ ನಿಷ್ಠೆಯಿಂದಲೇ ಪಾಲಿಸಿದ.

ಗುಡಿಯ ಮುಂದೆ ಅದೇ ಕಂಬಳಿ ಹಾಸಿದರು. ಅಧಿಕಾರಿ ನಿಂತುಕೊಂಡೇ ಮಾತನಾಡಿದ.

"ನೋಡಿ, ಇದು ಖಾಲಿ ಬಿದ್ದಿರೋ ಜಾಗ. ಗಿಡ ಹಾಕಿದರೆ ಏಳೆಂಟು ವರ್ಷಕ್ಕೆ ಮರ ಆಗುತ್ತೆ. ನಿಮಗೆ ಕೂಲಿ ಸಿಗುತ್ತೆ, ಸೌದೆ ಸಿಗುತ್ತೆ, ಕಟಾವಿನಲ್ಲಿ ಊರಿಗೂ ಒಂದು ಪಾಲು ಅಂತ ಇದೆ. ಯಾರಿಗಾದರೂ ಆಕ್ಷೇಪಣೆ ಇದ್ದರೆ ಈಗಲೇ ಹೇಳಿಬಿಡಿ. ಆಮೇಲೆ ಹೇಳಬೇಡಿ."

ಯಾರೂ ಮಾತನಾಡಲಿಲ್ಲ. ಯಜಮಾನ ಮಾತ್ರ, "ಕುರಿ ಎಲ್ಲಿ ಮೇಯಬೇಕು ಸಾಹೇಬ್ರೇ?" ಎಂದು ಒಂದೇ ಪ್ರಶ್ನೆ ಕೇಳಿದ.

"ಗಿಡ ಮೂರು ವರ್ಷ ಬೆಳೀಲಿ. ಆಮೇಲೆ ಬಿಡಬಹುದು, ನೋಡೋಣ."

"ಮೂರು ವರ್ಷ ಕುರಿಗೆ ಉಪಾಸ ಇರಾಕೆ ಯಾರು ಕಲಿಸ್ತಾರೆ? ಮೇಷ್ಟ್ರೇನು?" ಎಂದ ಯಜಮಾನನ ಭಾವಮೈದುನ. ನಗು ಎದ್ದಿತು. ಅಧಿಕಾರಿಯೂ ನಕ್ಕ. ನಾನೂ ನಕ್ಕೆ.

"ಬಿಸ್ಲಾಗೆ ಬಂದೀರಿ. ಮೊದ್ಲು ಕುಂದ್ರಿ, ಮಜ್ಜಿಗೆ ಕುಡೀರಿ" ಎಂದು ಯಜಮಾನ ತಟ್ಟೆ ತರಿಸಿದ. ಅಧಿಕಾರಿ ಎರಡು ಎಲೆ ತೆಗೆದುಕೊಂಡು ಸುಣ್ಣ ಹಚ್ಚಿ, "ಎಲೆ ಬಹಳ ಚೆನ್ನಾಗಿದೆ" ಎಂದ. ತಟ್ಟೆ ಮುಂದಕ್ಕೆ ಹೋಯಿತು. ಒಬ್ಬ ಹಿರಿಯನ ಕೈಯಿಂದ ಇನ್ನೊಬ್ಬನ ಕೈಗೆ, ಒಂದು ಎಲೆಯೂ ಕದಲದೆ, ಸುತ್ತಿ ಬಂದು ಯಜಮಾನನ ಮುಂದೆ ನಿಂತಿತು. ಆತ ತಟ್ಟೆಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಹೊರಗಿನಿಂದ ಬಂದವರಲ್ಲಿ ಆ ತಟ್ಟೆಯ ಭಾಷೆ ಬಲ್ಲವನು ನಾನೊಬ್ಬನೇ ಎಂಬುದು ಅವನಿಗೆ ಗೊತ್ತಿತ್ತು.

"ಸರಿ, ಎಲ್ಲರೂ ಒಪ್ಪಿದ ಹಾಗಾಯಿತು. ಮೇಷ್ಟ್ರೇ, ನೀವು ಒಂದು ನಡಾವಳಿ ಬರೆದುಕೊಡಿ. ನಮ್ಮ ಗುಮಾಸ್ತ ಬಂದಿಲ್ಲ" ಎಂದ ಅಧಿಕಾರಿ.

ನಾನು ಬರೆದೆ. ಆತ ಹೇಳಿದ್ದು "ಖಾಲಿ ಜಾಗ" ಎಂದು. ನನಗೆ ಅದು ಬಡಕಲಾಗಿ ಕಂಡಿತು. "ಯಾವ ಉಪಯೋಗಕ್ಕೂ ಬಾರದ ಬಂಜರು ಭೂಮಿ" ಎಂದು ಮಾಡಿದೆ. ಹುಲ್ಲಿನ ಹೆಸರುಗಳನ್ನು ಕಲಿತಿದ್ದ ಕೈಯೇ ಅದು. "ಹಾಜರಿದ್ದ ಗ್ರಾಮಸ್ಥರಲ್ಲಿ ಯಾರೊಬ್ಬರೂ ಆಕ್ಷೇಪಣೆಯನ್ನು ಎತ್ತದೆ ಇದ್ದುದರಿಂದ, ಸದರಿ ಯೋಜನೆಯು ಸರ್ವಾನುಮತದಿಂದ ಅಂಗೀಕೃತವಾಯಿತು" ಎಂದು ಮುಗಿಸಿದೆ. ಅಧಿಕಾರಿ ಓದಿ ತಲೆದೂಗಿದ. "ಇಷ್ಟು ಶುದ್ಧವಾಗಿ ಬರೆಯೋರು ನಮ್ಮ ಆಫೀಸಿನಲ್ಲೇ ಇಲ್ಲ. ನೀವು ಇಲ್ಲಿ ಏನು ಮಾಡುತ್ತಾ ಇದ್ದೀರಿ?" ಎಂದ. ನನ್ನ ಹೆಂಡತಿ ಮಕ್ಕಳು ನ್ಯಾಮತಿಯಲ್ಲಿರುವುದನ್ನೂ, ಏಳು ವರ್ಷಗಳಿಂದ ವರ್ಗಾವಣೆಗೆ ಅರ್ಜಿ ಹಾಕುತ್ತಿರುವುದನ್ನೂ ನಾನು ಹೇಳಿಕೊಂಡೆ. ಹೇಳಬೇಕಾದ ಬೇರೊಂದು ಮಾತು ಬಾಯಲ್ಲಿತ್ತು, ಹೇಳಿಕೊಂಡದ್ದು ಇದನ್ನು.

ಹಾಜರಿದ್ದವರ ಹೆಸರುಗಳನ್ನು ಬರೆದು ಹೆಬ್ಬೆಟ್ಟು ಒತ್ತಿಸುವಾಗ ಯಜಮಾನ ಬೆರಳನ್ನು ಮಸಿಯಲ್ಲಿ ಅದ್ದಿ, ಕಾಗದದ ಮೇಲೆ ಹಿಡಿದು, ಒತ್ತುವ ಮುಂಚೆ ಕೇಳಿದ:

"ಆದದ್ದೆಲ್ಲ ಬರ್ದೀರಲ್ಲ ಮೇಷ್ಟ್ರೇ?"

"ಆದದ್ದನ್ನೇ ಬರೆದಿದ್ದೇನೆ" ಎಂದೆ.

"ಹಂಗಾದ್ರೆ ಸರಿ."

ಒತ್ತಿದ. ಉಳಿದವರೂ ಒತ್ತಿದರು. ಎಲೆ ಮುಟ್ಟಲಿಲ್ಲವೆಂಬುದು ಕಾಗದಕ್ಕೆ ಬಂದಿದೆಯೆಂದೇ ಅವರೆಲ್ಲರ ನಂಬಿಕೆ. ನಾಲ್ಕನೆಯ ದಿನ ನಿಶ್ಚಿಂತೆಯಿಂದ ಕುರಿ ಹೊಡೆದುಕೊಂಡು ಪಡುವಣಕ್ಕೆ ಹೊರಟರು.

ಅವರು ಮುಂಗಾರಿಗೆ ಹಿಂದಿರುಗುವಷ್ಟರಲ್ಲಿ ಕಾವಲಿನ ಸುತ್ತ ಆಳೆತ್ತರದ ಕಂದಕ ಬಿದ್ದಿತ್ತು. ಜಾಲಿ, ಕಾರೆ, ಬಾರೆ ಎಲ್ಲವನ್ನೂ ಬೇರುಸಹಿತ ಕಿತ್ತು, ಸಾಲು ಹಿಡಿದು ಗುಂಡಿ ತೋಡಿದ್ದರು. ನಾನು ಅದನ್ನು ಪೂರ್ತಿಯಾಗಿ ನೋಡಲಿಲ್ಲ. ಜೂನ್ ತಿಂಗಳಿನಲ್ಲಿ ನ್ಯಾಮತಿಗೆ ನನ್ನ ವರ್ಗಾವಣೆಯ ಆದೇಶ ಬಂದಿತ್ತು. ಅದು ಆ ಅಧಿಕಾರಿಯ ಮಾತಿನಿಂದ ಬಂದಿತೋ, ನನ್ನ ಸರದಿಯಿಂದ ಬಂದಿತೋ, ನಾನು ಇಂದಿನವರೆಗೂ ವಿಚಾರಿಸಿಲ್ಲ. ಸರದಿಯಿಂದಲೇ ಬಂದಿತೆಂದು ಹೆಂಡತಿಗೆ ಹೇಳಿದ್ದೇನೆ.

ನ್ಯಾಮತಿಯಲ್ಲಿ ಎರಡನೆಯ ಬೇಸಿಗೆ; ೧೯೮೫. ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಬೇಲಿಯಾಚೆ ಒಬ್ಬಾತ ಒಂಟಿ ಕಾಲಿನ ಮೇಲೆ ನಿಂತಿರುವುದು ಕಂಡಿತು. ಒಳಗೆ ಕರೆದರೆ ಬರಲಿಲ್ಲ. "ಕಾಲೆಲ್ಲ ಕೆಸರು" ಎಂದ. ಮಂದೆ ಅರ್ಧಕ್ಕಿಂತ ಇಳಿದಿತ್ತು. ಅದನ್ನು ಆತ ಲೆಕ್ಕದಲ್ಲಿ ಹೇಳಲಿಲ್ಲ, "ಮುಖಗಳು ಕಮ್ಮಿ ಆಗ್ಯಾವೆ" ಎಂದ. ಮಳೆಗಾಲದಲ್ಲಿ ಮೇಯಿಸಲು ರಸ್ತೆಯ ಬದಿ ಮಾತ್ರ ಉಳಿದಿತ್ತು. ಕಂದಕ ದಾಟಿದ ಕುರಿಗಳನ್ನು ಕಾವಲುಗಾರ ಹಿಡಿದು ಬಿಳಿಚೋಡಿನ ಸರ್ಕಾರಿ ದೊಡ್ಡಿಗೆ ಹೊಡೆದುಕೊಂಡು ಹೋಗುತ್ತಿದ್ದ. ಆ ಕಾವಲುಗಾರ ಬೇರಾರೂ ಅಲ್ಲ, ಕಲ್ಲು ಹೊತ್ತಿದ್ದ ಭಾವಮೈದುನ.

"ನೀಲಗಿರಿ ಎಲೇನ ಆಡೂ ಮೂಸಂಗಿಲ್ಲ ಮೇಷ್ಟ್ರೇ. ಆಡು ಮುಟ್ಟದ ಸೊಪ್ಪಿಲ್ಲ ಅಂತ ನೀವೇ ಹುಡುಗ್ರಿಗೆ ಹೇಳ್ಕೊಡ್ತಿದ್ರಿ. ಈಗ ಐತೆ, ಬರ್ಕಳ್ರಿ."

ಸೌದೆಯ ಮಾತು ಕೇಳಿದೆ. "ಒಣಗಿದ ಕಡ್ಡಿ ಆಯಾಕೂ ಚೀಟಿ ಬೇಕು" ಎಂದ. ಕೂಲಿ? ಗುಂಡಿ ತೋಡುವುದಕ್ಕೆ ಹೊರಗಿನಿಂದ ಆಳು ಬಂದಿದ್ದರು.

ಹಟ್ಟಿಯವರು ಉಪವಿಭಾಗಾಧಿಕಾರಿಗೆ ತಕರಾರು ಅರ್ಜಿ ಸಲ್ಲಿಸಿದ್ದರು. ಸಭೆಯಲ್ಲಿ ತಾವು ಒಪ್ಪಿರಲಿಲ್ಲವೆಂಬುದು ಅವರ ವಾದ. ಮುಂದಿನ ವಾರ ಜಗಳೂರಿನಲ್ಲಿ ವಿಚಾರಣೆ; ಸಾಕ್ಷಿ ಬೇಕು.

"ನೀವು ಬಂದು ಎಲೆ ಮುಟ್ಟಲಿಲ್ಲ ಅಂತ ಒಂದ್ ಮಾತು ಹೇಳ್ರಿ ಸಾಕು. ಬರ್ದೋರು ನೀವೇ ಅಲ್ಲೇನ್ರೀ."

ಆಗಲೂ ಆತನಿಗೆ ಆ ಕಾಗದದಲ್ಲಿ ಏನಿತ್ತೆಂದು ಗೊತ್ತಿರಲಿಲ್ಲ. ಬರುತ್ತೇನೆ ಎಂದೆ.

ಹೋದೆ. ನ್ಯಾಮತಿಯಿಂದ ಹೊನ್ನಾಳಿ, ಹೊನ್ನಾಳಿಯಿಂದ ದಾವಣಗೆರೆ, ಅಲ್ಲಿಂದ ಜಗಳೂರು, ಮೂರು ಬಸ್ಸು. ಮೂರರಲ್ಲಿಯೂ ಕಿಟಕಿಯ ಪಕ್ಕ ಕುಳಿತು, ಹೇಳಬೇಕಾದುದನ್ನು ಒಂದು ಹಾಳೆಯಲ್ಲಿ ಬರೆದು, ತಿದ್ದಿ, ಮತ್ತೆ ಬರೆದೆ. ಚೆನ್ನಾಗಿಯೇ ಬಂದಿತ್ತು. ಕಚೇರಿಯ ಬಾಗಿಲಲ್ಲಿ ಜವಾನ ಯಜಮಾನನ ಕದರನ್ನು ನೋಡಿ, "ಏನದು, ಚುಚ್ಚೋದಾ? ಹೊರಗಿಡು" ಎಂದ. "ಇದ್ರಾಗೆ ಚುಚ್ಚಿಸ್ಕಂಡು ಸತ್ತೋರು ಇನ್ನೂ ಯಾರಿಲ್ಲಪ್ಪ" ಎನ್ನುತ್ತ ಆತ ಅದನ್ನು ಹೊರಗಿನ ಕಿಟಕಿಯ ಮೇಲಿಟ್ಟ. ಒಳಗೆ ಆತನ ಬೆರಳುಗಳು ಸುಮ್ಮನಿರಲಾರದೆ ಕಂಬಳಿಯ ಅಂಚನ್ನು ಹೊಸೆಯುತ್ತಿದ್ದವು.

ವಿಚಾರಣೆಯ ಅಧಿಕಾರಿ ವಯಸ್ಸಾದವರು, ಸೌಮ್ಯರು. ನಡಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಸಿದರು. "ಯಾವ ಉಪಯೋಗಕ್ಕೂ ಬಾರದ ಬಂಜರು ಭೂಮಿ" ಎಂಬಲ್ಲಿ ಯಜಮಾನ ತಲೆಯೆತ್ತಿದ. "ಸರ್ವಾನುಮತದಿಂದ" ಎಂಬಲ್ಲಿ ಪಕ್ಕದವನನ್ನು ಹಾಗೆಂದರೇನೆಂದು ಕೇಳಿದ. ಆತ ಕಿವಿಯಲ್ಲಿ ಹೇಳಿದ. ಯಜಮಾನ ನನ್ನ ಕಡೆ ನೋಡಲಿಲ್ಲ.

"ಇದು ನಿಮ್ಮ ಕೈಬರಹವೇ?" ಎಂದು ಅಧಿಕಾರಿ ನನ್ನನ್ನು ಕೇಳಿದರು.

"ಹೌದು."

"ಕೆಳಗೆ ಸಹಿಯೂ ನಿಮ್ಮದೇ. ನೀವು ಸರ್ಕಾರಿ ನೌಕರರು. ಇದರಲ್ಲಿ ಸುಳ್ಳು ಬರೆದಿದ್ದೀರಾ?"

ಸುಳ್ಳು ದಾಖಲೆ ಬರೆದ ನೌಕರನ ಗತಿಯೇನೆಂಬುದು ನಮ್ಮ ನಿಯಮಾವಳಿಯಲ್ಲಿದೆ. ಆ ಪುಟ ನನ್ನ ಕಣ್ಣಿಗೆ ಕಟ್ಟಿತು.

"ಇಲ್ಲ" ಎಂದೆ.

"ಯಾರಾದರೂ ಆಕ್ಷೇಪಿಸಿ ಮಾತನಾಡಿದರೇ?"

"ಮಾತನಾಡಲಿಲ್ಲ."

ಅವರು ಲೇಖನಿ ಎತ್ತಿ ಹಿಡಿದು, ನನ್ನ ಮುಖವನ್ನೇ ನೋಡುತ್ತ, ನಿಧಾನವಾಗಿ ಕೇಳಿದರು: "ಬೇರೆ ಏನಾದರೂ ಹೇಳುವುದಿದೆಯೇ? ಇದ್ದರೆ ಹೇಳಿ, ಬರೆದುಕೊಳ್ಳುತ್ತೇನೆ." ಅವರು ಕಾದದ್ದು ನನಗೆ ನೆನಪಿದೆ. ಗಡಿಯಾರ ನೋಡಲಿಲ್ಲ, ಅವಸರ ಮಾಡಲಿಲ್ಲ. ನಂತರದ ವರ್ಷಗಳಲ್ಲಿ ಹಲವರ ಮುಂದೆ ನಾನು ಈ ಕಥೆ ಹೇಳುವಾಗ ಅವರನ್ನು ಅವಸರದವರನ್ನಾಗಿ ಮಾಡಿದ್ದೇನೆ. ಅವರು ಅವಸರದವರಾಗಿರಲಿಲ್ಲ. ಹಾಳೆ ಜೇಬಿನಲ್ಲಿತ್ತು.

"ಇಲ್ಲ" ಎಂದೆ.

ಹೊರಗೆ ಬಂದ ಮೇಲೆ ಹಟ್ಟಿಯವರು ನನ್ನಿಂದ ದೂರ ಹೋಗಿ ನಿಂತರು. ಯಜಮಾನ ಕಿಟಕಿಯಿಂದ ಕದರು ತೆಗೆದುಕೊಂಡು ನನ್ನ ಬಳಿಗೇ ಬಂದ. "ಬರ್ರಿ, ದೂರದಿಂದ ಬಂದೀರಿ. ಹಸ್ದೀರಿ" ಎಂದು ಹೋಟೆಲಿಗೆ ಕರೆದೊಯ್ದು ಮಂಡಕ್ಕಿ, ಮೆಣಸಿನಕಾಯಿ, ಚಹಾ ಹೇಳಿದ. ತಾನು ಏನನ್ನೂ ತಿನ್ನಲಿಲ್ಲ. ನಾನು ತಿಂದೆ, ನಾಚಿಕೆಯಾಗಿದ್ದರೂ ಹಸಿವಾಗಿತ್ತು. ಆತ ನೂಲಲಿಲ್ಲ. ನಾನು ಮುಗಿಸುವವರೆಗೆ ಕಾದು ಹೇಳಿದ:

"ಮೇಷ್ಟ್ರೇ, ತೋಳ ಬಂದಾಗ ನಾಯಿ ಬೊಗಳ್ಳಿಲ್ಲ ಅಂದ್ರೆ ಎರಡೇ ಕಾರಣ. ಒಂದು, ತೋಳಕ್ಕೆ ಹೆದರೈತೆ. ಇಲ್ಲ, ತೋಳನೇ ಅದಕ್ಕೆ ಉಣ್ಣಾಕೆ ಇಟ್ಟೈತೆ. ನಿಮ್ದು ಯಾವ್ದು ಅಂತ ನಾ ಕೇಳಂಗಿಲ್ಲ. ನಮ್ ಮಂದೆ ನಾಯಿ ಅಂತ ತಿಳ್ಕಂಡಿದ್ನಲ್ಲ, ಅದು ನನ್ ತಪ್ಪು."

ಏಳು ವರ್ಷ ಆತನ ಮನೆಯ ರೊಟ್ಟಿ ತಿಂದಿದ್ದೆ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಒಂದು ಕುರಿಯ ರೋಗ ಯಾವುದೆಂದು ಹೇಳುವಾಗಿನ ದನಿಯೇ ಇತ್ತು. ಬಸ್ಸು ಹತ್ತುವವರೆಗೆ ಜೊತೆಗೆ ನಿಂತಿದ್ದ. ಆತನ ಒಳ್ಳೆಯತನವನ್ನು ನಾನು ಅಂದಿನಿಂದ ದ್ವೇಷಿಸತೊಡಗಿದೆ. ಆತ ಒಂದು ಬೈಗುಳ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಅರ್ಜಿಯ ತೀರ್ಪು ಕೂಡಲೇ ಬರಲಿಲ್ಲ. ಅಧಿಕಾರಿಗಳು ಬದಲಾದರು, ಕಡತ ಕುರಿಗಳಿಗಿಂತ ಹೆಚ್ಚು ಅಲೆಯಿತು. ನಾನು ಮುಖ್ಯೋಪಾಧ್ಯಾಯನಾಗಿ ಚನ್ನಗಿರಿಗೆ ಬಂದೆ. ೧೯೮೭ರ ಫೆಬ್ರವರಿಯಲ್ಲಿ ಯಜಮಾನನ ಮಂದೆ ಊರಿನಿಂದ ಎರಡು ಮೈಲಿ ದೂರದ ತೋಟವೊಂದರಲ್ಲಿ ಬೀಡುಬಿಟ್ಟಿತ್ತು. ಮಂದೆಯೆಂದರೆ, ನಾನೂ ಮುಖ ನೋಡಿಯೇ ಗುರುತಿಸಬಹುದಾದಷ್ಟು ಕುರಿಗಳು. ತೋಟದವರು, "ಈಗ ಚೀಲದ ಗೊಬ್ಬರ ಐತೆ. ನಿಮ್ದು ಹಳೇ ಗುರುತು ಅಂತ ಬಿಟ್ಕಂಡೀವಿ" ಎಂದಿದ್ದರಂತೆ. ಒಂದು ದಿನ ನನ್ನ ಶಾಲೆಗೆ ಬಂದಾಗ ಆತ ಇದನ್ನು ನಗುತ್ತಾ ಹೇಳಿದ. ಮುಂದಿನ ಹಲ್ಲುಗಳು ಹೋಗಿದ್ದವು.

ಅಂದು ಆತ ಬಂದದ್ದು ಒಂದು ಸಣ್ಣ ಬೇಡಿಕೆಯೊಂದಿಗೆ. ಕಚೇರಿಯಲ್ಲಿ ಯಾರೋ, ತೀರ್ಪು ಇಷ್ಟರಲ್ಲೇ ಬರುತ್ತದೆ, ಎಲ್ಲಿಗೆ ಕಳುಹಿಸಬೇಕು, ವಿಳಾಸ ಕೊಡು ಎಂದು ಕೇಳಿದ್ದರು.

"ಹಟ್ಟಿಗೆ ಕಳ್ಸಿದ್ರೆ ಓದೋರಿಲ್ಲ. ನಾವು ಇತ್ಲಾಗೆ ಇರ್ತೀವಿ. ನಿಮ್ ಶಾಲೆಗೆ ಕಳ್ಸಾಕೆ ಹೇಳ್ಲೇನ್ರೀ? ಬಂದ ದಿನ ತೋಟಕ್ಕೆ ಒಂದ್ ಮಾತು ಹೇಳಿ ಕಳ್ಸಿದ್ರೆ ಸಾಕು. ಸೋತ್ರೆ ದುರ್ಗಕ್ಕೆ ಹೋಗಿ ದೊಡ್ಡ ಸಾಹೇಬ್ರ ತಾವ ಹಾಕಬೋದಂತೆ. ಅದಕ್ಕೆ ಮೂವತ್ತೇ ದಿನ ಟೈಮಂತೆ."

ಜಗಳೂರಿನ ಆ ದಿನದ ನಂತರವೂ ಈತನಿಗೆ ಕೇಳಲು ಬೇರೆ ಯಾರೂ ಇರಲಿಲ್ಲ. ಅಕ್ಷರ ಬಲ್ಲವರಲ್ಲಿ ಆತ ಬಲ್ಲವನು ನಾನೊಬ್ಬನೇ. ಇದನ್ನು ನಾನು ಅಂದು ಯೋಚಿಸಲಿಲ್ಲ. ನನ್ನ ಮೇಜಿನ ಮೇಲೆ ಮುಖ್ಯೋಪಾಧ್ಯಾಯರೆಂಬ ಹಲಗೆ ಹೊಸದಾಗಿತ್ತು.

"ಸರ್ಕಾರಿ ಶಾಲೆಯ ವಿಳಾಸವನ್ನು ಖಾಸಗಿ ವ್ಯಾಜ್ಯಕ್ಕೆ ಉಪಯೋಗಿಸಲು ನಿಯಮವಿಲ್ಲ, ಯಜಮಾನ್ರೇ" ಎಂದೆ.

"ಖಾಸಗಿ ಅಂದ್ರೆ?"

"ನಿಮ್ಮದು ಎಂದು."

"ಹೌದೇನು? ಮೊದ್ಲು ಸರ್ಕಾರದ್ದು ಅಂದ್ರು. ಈಗ ನಮ್ದು ಅಂತೀರಿ. ಇರ್ಲಿ ಬಿಡ್ರಿ, ಅಷ್ಟಾದ್ರೂ ಅಂದ್ರಲ್ಲ" ಎಂದು ಕೋಲು ಎತ್ತಿಕೊಂಡ. ನನ್ನ ಮನೆಯ ವಿಳಾಸವನ್ನು ಕೊಡಬಹುದಿತ್ತು. ಅದು ಹೊಳೆದದ್ದು ಆತ ಗೇಟು ದಾಟಿದ ಮೇಲೆ. ಕೂಗಿ ಕರೆಯಬಹುದಾದಷ್ಟು ಹತ್ತಿರವೇ ಇದ್ದ. ಮುಖ್ಯೋಪಾಧ್ಯಾಯರು ಬೀದಿಯಲ್ಲಿ ಕೂಗುವುದು ತರವಲ್ಲವೆಂದು ಕುಳಿತೆ.

ಉಳಿದದ್ದು ನನಗೆ ತಿಳಿದದ್ದು ಬಸ್ ನಿಲ್ದಾಣದಲ್ಲಿ, ತಮ್ಮನ ಮಗನಿಂದ. ತೀರ್ಪು ಬಂದಿತ್ತು: ಸಭೆಯ ನಡಾವಳಿಯೂ ಅದನ್ನು ಬರೆದ ಉಪಾಧ್ಯಾಯರ ಹೇಳಿಕೆಯೂ ಸ್ಪಷ್ಟವಾಗಿರುವುದರಿಂದ ಅರ್ಜಿ ವಜಾ. ಪ್ರತಿಯನ್ನು ತೆಗೆದುಕೊಳ್ಳಲು ಯಾರೂ ಸಿಗದ ಕಾರಣ ಗ್ರಾಮಸೇವಕ ಅದನ್ನು ಯಜಮಾನನ ಮನೆಯ ಬಾಗಿಲಿಗೆ ಅಂಟಿಸಿ, ಪಂಚರ ಹೆಬ್ಬೆಟ್ಟು ಪಡೆದು ಹೋದ. ಹಟ್ಟಿಯಲ್ಲಿದ್ದ ಮುದುಕಿಯರು ಅದನ್ನು ಮಲೇರಿಯಾದವರು ಔಷಧಿ ಹೊಡೆಯುವ ಮುಂಚೆ ಅಂಟಿಸುವ ಚೀಟಿಯೆಂದು ಭಾವಿಸಿ, ಹರಿಯದಂತೆ ಜೋಪಾನ ಮಾಡಿದರು. ಯಜಮಾನ ಅದೇ ದಿನಗಳಲ್ಲಿ ಚನ್ನಗಿರಿಯ ತೋಟದಲ್ಲಿ, ನನ್ನ ಶಾಲೆಯಿಂದ ಎರಡು ಮೈಲಿ ದೂರದಲ್ಲಿ, ತೀರ್ಪಿನ ದಾರಿ ಕಾಯುತ್ತಿದ್ದ. ಮುಂಗಾರಿಗೆ ಊರು ಸೇರಿದವನು ಕಾಗದವನ್ನು ಬಿಳಿಚೋಡಿಗೆ ಹೊತ್ತುಕೊಂಡು ಹೋಗಿ ಓದಿಸಿದ. ಅಲ್ಲಿಂದ ಚಿತ್ರದುರ್ಗಕ್ಕೆ ಹೋದ. ಅವಧಿ ಮುಗಿದಿದೆಯೆಂದು ಅಲ್ಲಿ ಹೇಳಿದರು. ಉಳಿದ ಕುರಿಗಳನ್ನು ಆ ಮಳೆಗಾಲದಲ್ಲೇ ಮಾರಿದ. ಮೊದಲ ಕಟಾವಿನ ಲಾರಿಗಳು ಹೋ‌ಗುವಾಗ ಆತ ರಸ್ತೆಯ ಬದಿಯಲ್ಲಿ ನಿಂತು ನೋಡಿದನಂತೆ. ಊರಿನ ಪಾಲು ಎಂಬುದರ ಬಗ್ಗೆ ಕೇಳಲು ಹೋದವರಿಗೆ, ಆ ಮಾತು ಯಾವ ಕಾಗದದಲ್ಲೂ ಇಲ್ಲವೆಂದು ಉತ್ತರ ಬಂದಿತಂತೆ. ಇಲ್ಲವೆಂಬುದು ನಿಜ. ನಾನು ಬರೆದಿರಲಿಲ್ಲ.

ಮೊನ್ನೆ ನಾನು ಜಗಳೂರಿಗೆ ಹೋಗಿ, ಅರ್ಜಿ ಹಾಕಿ, ಆ ತೀರ್ಪಿನ ನಕಲು ಪಡೆದೆ. ಬಾಗಿಲಿಗೆ ಅಂಟಿಸಿದ ದಿನಾಂಕ ಅದರ ಬೆನ್ನ ಮೇಲಿದೆ: ಮಾರ್ಚ್ ಹತ್ತು. ಅಲ್ಲಿಂದ ಮೂವತ್ತು ದಿನಗಳನ್ನು ಬೆರಳು ಮಡಿಸಿ ಎಣಿಸಿದೆ. ಮೇಲ್ಮನವಿಯ ಅವಧಿ ಮುಗಿದು, ಕಾವಲು ಹಟ್ಟಿಯವರ ಕೈಬಿಟ್ಟದ್ದು ೧೯೮೭ನೆಯ ಇಸವಿ ಏಪ್ರಿಲ್ ಒಂಬತ್ತನೆಯ ತಾರೀಖು, ಗುರುವಾರ.